ಲಿಸ್ಪ್‌ನ ಆವರಣಗಳು ಸುಮ್ಮನೆ ಕೂತಿಲ್ಲ

ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಕೃತಕ ಬುದ್ಧಿಮತ್ತೆಯ ಸಂಶೋಧನೆಗೆಂದೇ ಲಿಸ್ಪ್ ಎಂಬ ಭಾಷೆ ಹುಟ್ಟಿತಂತೆ. ಈಗಿನ ಚಾಟ್‌ಬಾಟ್‌ಗಳಲ್ಲಿ ಅದರ ಸುಳಿವೇ ಇಲ್ಲ, ಕ್ಯಾಂಪಸ್ ಸಂದರ್ಶನದಲ್ಲಿ ಅದನ್ನು ಕೇಳುವವರಿಲ್ಲ. ಆದರೂ ಹಳೆಯ ಪ್ರೋಗ್ರಾಮರ್‌ಗಳು ಒಮ್ಮೆಯಾದರೂ ಲಿಸ್ಪ್ ಕಲಿಯಿರಿ ಎನ್ನುವುದನ್ನು ಬಿಟ್ಟಿಲ್ಲ. ಇದು ಹಳೆಯದರ ಮೇಲಿನ ಮೋಹವಲ್ಲದೆ ಮತ್ತೇನು?’ ಮೋಹದ ಪಾಲು ಅದರಲ್ಲಿ ಇದ್ದೇ ಇದೆ. ಲಿಸ್ಪ್ ಮೆಚ್ಚಿದವರ ಮಾತಿನಲ್ಲಿ ಒಂದು ಬಗೆಯ ಭಕ್ತಿ ಸೇರಿಕೊಂಡುಬಿಡುತ್ತದೆ. ಅದನ್ನು ಕೇಳಿದ ಹೊಸಬರಿಗೆ ಅನುಮಾನ ಬಂದರೆ ತಪ್ಪಿಲ್ಲ. ಆದರೆ ಭಕ್ತಿಯನ್ನು ಬದಿಗಿಟ್ಟು ನೋಡಿದರೂ ಉಳಿಯುವ ಒಂದು ವಿಚಾರವಿದೆ. ಜನ ಯಾವುದನ್ನು ನೋಡಿ ನಗುತ್ತಾರೋ ಆ ಲೆಕ್ಕವಿಲ್ಲದ ಆವರಣಗಳೇ ಆ ವಿಚಾರ. ಲಿಸ್ಪ್‌ನಲ್ಲಿ ಬರೆದ ಪ್ರೋಗ್ರಾಮಿಗೂ ಅದು ಕೆಲಸ ಮಾಡುವ ಮಾಹಿತಿಗೂ ಒಂದೇ ಆಕಾರ. ಈ ಭಾಷೆಯ ಬೇರೆ ಗುಣಗಳನ್ನೆಲ್ಲ ಉಳಿದ ಭಾಷೆಗಳು ಒಂದೊಂದಾಗಿ ಎತ್ತಿಕೊಂಡಿವೆ. ಇದನ್ನು ಮಾತ್ರ ಹೆಚ್ಚಿನವು ಎತ್ತಿಕೊಳ್ಳಲಿಲ್ಲ. ಲಿಸ್ಪ್ ಕಲಿಯಬೇಕಾದದ್ದು ಇದೊಂದಕ್ಕಾಗಿ ಎಂಬುದು ನನ್ನ ವಾದ.

ಮೊದಲು ಬರವಣಿಗೆಯ ಕ್ರಮ. ಎರಡು ಮತ್ತು ಮೂರನ್ನು ಕೂಡಿಸಲು (+ 2 3) ಎಂದು ಬರೆಯಬೇಕು. ಆವರಣದೊಳಗೆ ಮೊದಲು ಬರುವುದು ಮಾಡಬೇಕಾದ ಕೆಲಸ, ಆಮೇಲೆ ಬರುವುವು ಆ ಕೆಲಸಕ್ಕೆ ಬೇಕಾದ ಸಾಮಗ್ರಿ. ನಾಲ್ಕು ಸಂಖ್ಯೆಗಳನ್ನು ಕೂಡಿಸಬೇಕಾದರೆ ನಡುನಡುವೆ ಚಿಹ್ನೆ ಹಾಕುತ್ತ ಹೋಗಬೇಕಿಲ್ಲ. (+ 2 3 4 5) ಎಂದರೆ ಸಾಕು, 14 ಬರುತ್ತದೆ. ಸಾಮಗ್ರಿಯ ಜಾಗದಲ್ಲಿ ಇನ್ನೊಂದು ಆವರಣ ಬರಬಹುದು: (* (+ 2 3) 4) ಎಂದಾಗ ಒಳಗಿನ ಲೆಕ್ಕ ಮೊದಲು ಮುಗಿದು 5 ಆಗುತ್ತದೆ, ಹೊರಗಿನದು 20 ಕೊಡುತ್ತದೆ. ಗುಣಾಕಾರ ಮೊದಲೋ ಸಂಕಲನ ಮೊದಲೋ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಿಯಮಕ್ಕೆ ಇಲ್ಲಿ ಕೆಲಸವಿಲ್ಲ, ಏಕೆಂದರೆ ಯಾವುದು ಯಾವುದರ ಒಳಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹೊಸ ಫಂಕ್ಷನ್ ಬರೆಯುವುದೂ ಇದೇ ಅಚ್ಚಿನಲ್ಲಿ. ಸ್ಕೀಮ್ ಎಂಬ ಲಿಸ್ಪ್ ಪ್ರಭೇದದಲ್ಲಿ (ಡಿಫೈನ್ (ವರ್ಗ ಕ್ಷ) (* ಕ್ಷ ಕ್ಷ)) ಎಂದು ಬರೆದರೆ, ಅಂದಿನಿಂದ (ವರ್ಗ 7) ಎಂದಾಗ 49 ಸಿಗುತ್ತದೆ. ಅರ್ಧವಿರಾಮ, ಪುಷ್ಪಾವರಣ, ಸಾಲಿನ ಕೊನೆಯ ಚಿಹ್ನೆ ಎಂದು ಸಿ ಅಥವಾ ಜಾವಾ ಕಲಿಯುವವರ ತಲೆ ತಿನ್ನುವ ವ್ಯಾಕರಣ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಭಾಷೆಯ ವ್ಯಾಕರಣವನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಬಹುದು. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ.

ಇಂಥ ಬರವಣಿಗೆ ಯಾರಿಗೆ, ಯಾವ ಕೆಲಸಕ್ಕೆ ಬೇಕಾಗಿತ್ತು ಎಂಬುದನ್ನು ನೋಡದೆ ಅದರ ಆಕಾರ ಅರ್ಥವಾಗದು. ಜಾನ್ ಮೆಕಾರ್ಥಿ ಅಮೆರಿಕದ ಗಣಿತಜ್ಞ. 1956ರ ಡಾರ್ಟ್‌ಮತ್ ಸಮಾವೇಶಕ್ಕೆಂದು ಬರೆದ ಪ್ರಸ್ತಾವದಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬ ಹೆಸರನ್ನು ಚಲಾವಣೆಗೆ ತಂದವರು ಅವರೇ. 1958ರ ಬೇಸಿಗೆಯನ್ನು ಅವರು ಐಬಿಎಂ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಕಳೆದರು. ಅಲ್ಲಿ ಮಾದರಿ ಸಮಸ್ಯೆಯಾಗಿ ಆರಿಸಿಕೊಂಡದ್ದು ಪಿಯುಸಿ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಅವಕಲನವನ್ನು, ಅಂದರೆ ಡಿಫರೆನ್ಶಿಯೇಶನ್ ಅನ್ನು. ಅದೂ ಸಂಖ್ಯೆಗಳ ಮೇಲಲ್ಲ, ಅಕ್ಷರಗಳಲ್ಲಿ ಬರೆದ ಬೀಜಗಣಿತದ ಉಕ್ತಿಗಳ ಮೇಲೆ. ಕ್ಷ ಗುಣಿಸು ಕ್ಷ ಎಂಬುದನ್ನು (* ಕ್ಷ ಕ್ಷ) ಎಂದು ಬರೆದುಕೊಳ್ಳೋಣ. ಗುಣಲಬ್ಧದ ನಿಯಮ ಹೇಳುವುದು: ಮೊದಲನೆಯದನ್ನು ಎರಡನೆಯದರ ಅವಕಲನದಿಂದ ಗುಣಿಸು, ಮೊದಲನೆಯದರ ಅವಕಲನವನ್ನು ಎರಡನೆಯದರಿಂದ ಗುಣಿಸು, ಎರಡನ್ನೂ ಕೂಡಿಸು. ಫಲಿತಾಂಶ (+ (* ಕ್ಷ 1) (* 1 ಕ್ಷ)). ಅದನ್ನು 2ಕ್ಷ ಎಂದು ಅಚ್ಚುಕಟ್ಟು ಮಾಡುವುದು ಬೇರೆ ಕೆಲಸ. ಗಮನಿಸಬೇಕಾದದ್ದು ಇಷ್ಟು: ಒಳಹೋದದ್ದು ಒಂದು ಪಟ್ಟಿ, ಹೊರಬಂದದ್ದೂ ಒಂದು ಪಟ್ಟಿ, ಪಟ್ಟಿಯೊಳಗೆ ಪಟ್ಟಿ ಎಷ್ಟು ಆಳಕ್ಕೂ ಇರಬಹುದು, ದೊಡ್ಡ ಉಕ್ತಿಯ ಅವಕಲನ ಕಂಡುಹಿಡಿಯಲು ಅದರೊಳಗಿನ ಚಿಕ್ಕ ಉಕ್ತಿಗಳ ಮೇಲೆ ಅದೇ ನಿಯಮ ಮತ್ತೆ ಓಡಬೇಕು. ತನ್ನನ್ನು ತಾನೇ ಕರೆದುಕೊಳ್ಳುವ ಫಂಕ್ಷನ್, ಪಟ್ಟಿಯ ಪ್ರತಿ ಅಂಶದ ಮೇಲೂ ಒಂದು ಫಂಕ್ಷನ್ನನ್ನು ಓಡಿಸುವ ಪದ್ಧತಿ, ಹೆಸರಿಲ್ಲದ ಫಂಕ್ಷನ್‌ಗೆ ತರ್ಕಶಾಸ್ತ್ರಜ್ಞ ಅಲಾಂಜೊ ಚರ್ಚ್‌ರ ತರ್ಕದಿಂದ ಎರವಲು ತಂದ ಲ್ಯಾಂಬ್ಡಾ ಎಂಬ ಗುರುತು ಇವೆಲ್ಲ ಈ ಒಂದು ಸಮಸ್ಯೆಯ ಒತ್ತಡದಿಂದ ಬಂದವು. ಆ ಕಾಲದ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್‌ನಲ್ಲಿ ಫಂಕ್ಷನ್ ತನ್ನನ್ನು ತಾನು ಕರೆಯುವಂತಿರಲಿಲ್ಲ. ಆ ಶರತ್ಕಾಲದಲ್ಲಿ ಎಂಐಟಿ ವಿಶ್ವವಿದ್ಯಾಲಯಕ್ಕೆ ಹೋದ ಮೆಕಾರ್ಥಿ ಹೊಸ ಭಾಷೆಯ ಕೆಲಸ ಶುರುಮಾಡಿದರು.

ಪಟ್ಟಿ ಎಂದರೆ ಕಂಪ್ಯೂಟರಿನೊಳಗೆ ಏನು? ಶಾಲಾ ವಾರ್ಷಿಕೋತ್ಸವಗಳಲ್ಲಿ ಆಡಿಸುವ ನಿಧಿ ಹುಡುಕುವ ಆಟವನ್ನು ನೆನಪಿಸಿಕೊಳ್ಳಿ. ಒಂದು ಬೀದಿಯ ಮನೆಮನೆಯಲ್ಲೂ ಒಂದು ಚೀಟಿ ಇದೆ, ಚೀಟಿಯಲ್ಲಿ ಎರಡೇ ಸಾಲು. ಮೊದಲ ಸಾಲು, ಈ ಹಂತದ ವಸ್ತು ಯಾವ ಮನೆಯಲ್ಲಿದೆ. ಎರಡನೆಯ ಸಾಲು, ಮುಂದಿನ ಚೀಟಿ ಯಾವ ಮನೆಯಲ್ಲಿದೆ. ಮನೆಗಳು ಒಂದರ ಪಕ್ಕ ಒಂದು ಇರಬೇಕೆಂದಿಲ್ಲ. ಹತ್ತನೇ ಮನೆಯ ಚೀಟಿ ನಿಮ್ಮನ್ನು ಮುನ್ನೂರನೇ ಮನೆಗೆ ಅಟ್ಟಬಹುದು, ಅಲ್ಲಿಂದ ಏಳನೇ ಮನೆಗೆ. ‘ಮುಂದೆ ಇಲ್ಲ’ ಎಂಬ ಚೀಟಿ ಸಿಕ್ಕಾಗ ಪಟ್ಟಿ ಮುಗಿಯಿತು. ಲಿಸ್ಪ್ ಮೊದಲು ಓಡಿದ ಐಬಿಎಂ 704 ಯಂತ್ರದ ಮೆಮೊರಿಯ ಒಂದೊಂದು ಖಾನೆಯಲ್ಲಿ 36 ಬಿಟ್ ಇದ್ದವು. ಒಂದು ವಿಳಾಸಕ್ಕೆ 15 ಬಿಟ್ ಸಾಕಿತ್ತು. ಹಾಗಾಗಿ ಒಂದೇ ಖಾನೆಯಲ್ಲಿ ಎರಡು ವಿಳಾಸ ಕೂರಿಸಿ ಇನ್ನೂ 6 ಬಿಟ್ ಉಳಿಯುತ್ತಿತ್ತು. ಚೀಟಿಯ ಮೊದಲ ಸಾಲನ್ನು ಓದುವ ಕ್ರಿಯೆಗೆ ಕಾರ್, ಎರಡನೆಯದನ್ನು ಓದುವುದಕ್ಕೆ ಕುಡರ್, ಹೊಸ ಚೀಟಿ ಬರೆಯುವುದಕ್ಕೆ ಕಾನ್ಸ್ ಎಂಬ ಹೆಸರುಗಳಿವೆ. ಮೊದಲೆರಡು ಆ ಯಂತ್ರದ ಖಾನೆಯ ಭಾಗಗಳಿಂದ ಬಂದ ಸಂಕ್ಷೇಪಗಳು. ಯಂತ್ರ ವಸ್ತುಸಂಗ್ರಹಾಲಯ ಸೇರಿತು, ಹೆಸರುಗಳು ಉಳಿದುಕೊಂಡವು. ಈ ಚೀಟಿ ವ್ಯವಸ್ಥೆಯ ಸೊಗಸು ಏನೆಂದರೆ, ಇದ್ದ ಪಟ್ಟಿಯ ಮುಂದೆ ಹೊಸ ಅಂಶ ಸೇರಿಸಲು ಯಾವುದನ್ನೂ ಸರಿಸಬೇಕಿಲ್ಲ. ಹಳೆಯ ಮೊದಲ ಮನೆಯತ್ತ ಬೆರಳು ತೋರುವ ಒಂದು ಹೊಸ ಚೀಟಿ ಬರೆದರಾಯಿತು. ಎರಡು ಬೇರೆ ಆಟಗಳ ಚೀಟಿಗಳು ಒಂದೇ ಮನೆಗೆ ಬಂದು ಸೇರಿ, ಅಲ್ಲಿಂದ ಮುಂದಿನ ದಾರಿಯನ್ನು ಹಂಚಿಕೊಳ್ಳಲೂಬಹುದು. ಒಂದು ಚೀಟಿಯ ಮೊದಲ ಸಾಲೇ ಇನ್ನೊಂದು ಆಟದ ಮೊದಲ ಮನೆಯನ್ನು ತೋರಿಸಿದರೆ, ಅದೇ ಪಟ್ಟಿಯೊಳಗಿನ ಪಟ್ಟಿ. ನಾವು ಕಾಗದದ ಮೇಲೆ ಹಾಕುವ ಪ್ರತಿಯೊಂದು ಎಡ ಆವರಣವೂ ಹೀಗೆ ಹೊಸ ಸರಪಳಿಯೊಂದು ಶುರುವಾಯಿತು ಎಂಬ ಸೂಚನೆ.

ಆಟ ಮುಗಿದ ಮೇಲೆ ಚೀಟಿಗಳ ಗತಿ? ಬೀದಿಯಲ್ಲಿ ಮನೆಗಳು ಮಿತವಾಗಿವೆ; 704ರಲ್ಲಿ ಹೆಚ್ಚೆಂದರೆ 32,768. ಬೇಡವಾದ ಮನೆಗಳನ್ನು ತೆರವು ಮಾಡುವ ಹೊಣೆಯನ್ನು ಪ್ರೋಗ್ರಾಮರ್‌ನ ತಲೆಗೆ ಕಟ್ಟುವುದು ಮೆಕಾರ್ಥಿಗೆ ಇಷ್ಟವಿರಲಿಲ್ಲ. ಅವಕಲನದ ಸೂತ್ರ ಬರೆಯುವವನು ನಡುವೆ ‘ಈ ಖಾನೆ ಅಳಿಸು’ ಎಂದು ಬರೆಯುತ್ತ ಕೂತರೆ ಸೂತ್ರದ ಅಂದವೇ ಕೆಟ್ಟಿತು. ಅವರು ಕಂಡುಕೊಂಡ ಉಪಾಯ ಹೀಗಿತ್ತು: ಖಾಲಿ ಮನೆಗಳು ಮುಗಿಯುವವರೆಗೆ ಚಿಂತೆಯೇ ಬೇಡ, ಮುಗಿದಾಗ ಕೆಲಸ ನಿಲ್ಲಿಸಿ, ಸದ್ಯ ಬಳಕೆಯಲ್ಲಿರುವ ಮೊದಲ ಮನೆಗಳಿಂದ ಹೊರಟು ಚೀಟಿ ತೋರಿಸಿದಲ್ಲೆಲ್ಲ ಹೋಗಿ ಬಾಗಿಲಿಗೆ ಸೀಮೆಸುಣ್ಣದ ಗುರುತು ಹಾಕು, ಗುರುತಿಲ್ಲದ ಮನೆಗೆ ಯಾವ ದಾರಿಯೂ ಇಲ್ಲ ಎಂದಾಯಿತು, ಅದನ್ನು ಖಾಲಿ ಎಂದು ಬರೆದುಕೊ. ಕಸ ಸಂಗ್ರಹ, ಅಂದರೆ ಗಾರ್ಬೇಜ್ ಕಲೆಕ್ಷನ್ ಎಂದು ಇಂದು ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್‌ಗಳೆಲ್ಲ ನೆಚ್ಚಿಕೊಂಡಿರುವ ವ್ಯವಸ್ಥೆಯ ಮೂಲ ಇದು. ಇದರ ಚೊಚ್ಚಲ ಸಾರ್ವಜನಿಕ ದರ್ಶನವಾದದ್ದು ಮಾತ್ರ ಅನಿರೀಕ್ಷಿತವಾಗಿ. 1960ರ ಆಸುಪಾಸಿನಲ್ಲಿ ಎಂಐಟಿಗೆ ಬಂದಿದ್ದ ಉದ್ಯಮಗಳ ಪ್ರತಿನಿಧಿಗಳ ಎದುರು ಲಿಸ್ಪ್‌ನ ನೇರ ಪ್ರದರ್ಶನ ಏರ್ಪಟ್ಟಿತ್ತು. ಯಂತ್ರ ಬೇರೆ ಕಡೆ ಇತ್ತು, ಅದರ ಟೈಪ್‌ರೈಟರ್ ಬರೆಯುವುದನ್ನು ಸಭಿಕರು ಟಿವಿ ಪರದೆಯಲ್ಲಿ ನೋಡುತ್ತಿದ್ದರು. ತಾಲೀಮಿನಲ್ಲಿ ತುಂಬಿದ್ದ ಮೆಮೊರಿಯನ್ನು ಖಾಲಿ ಮಾಡಲು ಮರೆತಿದ್ದರು. ಪ್ರದರ್ಶನದ ನಡುವೆ ಯಂತ್ರ ಗಕ್ಕನೆ ನಿಂತು, ಕಸ ಸಂಗ್ರಾಹಕನನ್ನು ಕರೆಯಲಾಗಿದೆ, ಕೆಲವು ಕುತೂಹಲಕರ ಅಂಕಿಅಂಶಗಳು ಇಂತಿವೆ ಎಂಬ ಅರ್ಥದ ಸಂದೇಶವನ್ನು ಸೆಕೆಂಡಿಗೆ ಹತ್ತು ಅಕ್ಷರದ ವೇಗದಲ್ಲಿ ಕುಟ್ಟತೊಡಗಿತು. ಸಭೆಯಲ್ಲಿ ಆ ಪದವನ್ನು ಅದುವರೆಗೆ ಯಾರೂ ಆಡಿರಲಿಲ್ಲ. ನಗೆಯಲ್ಲಿ ಭಾಷಣಕಾರ, ಸಭಿಕರು ಎಲ್ಲರೂ ಮುಳುಗಿಹೋದರು. ಉಳಿದಿದ್ದ ಸಮಯವೆಲ್ಲ ಆ ಸಂದೇಶಕ್ಕೇ ಖರ್ಚಾಯಿತು. ಯಾರೋ ತಮಾಷೆ ಮಾಡಿದ್ದಾರೆಂದು ಕೆಲವರು ತಿಳಿದಿರಬೇಕು ಎಂದು ಮೆಕಾರ್ಥಿ ಮುಂದೆ ನೆನಪಿಸಿಕೊಂಡಿದ್ದಾರೆ.

ಇಷ್ಟರಲ್ಲಿ ಪ್ರೋಗ್ರಾಮೂ ಪಟ್ಟಿಯೇ ಎಂಬ ಮಾತು ಇನ್ನೂ ಬಂದಿಲ್ಲ. ಬಂದದ್ದೂ ಒಂದು ರೀತಿಯಲ್ಲಿ ಆಕಸ್ಮಿಕವಾಗಿ. ಮೆಕಾರ್ಥಿಯ ಮನಸ್ಸಿನಲ್ಲಿ ಎರಡು ಬರವಣಿಗೆಗಳಿದ್ದವು: ಮಾಹಿತಿಗೆ ಆವರಣಗಳ ಎಸ್-ಉಕ್ತಿ, ಪ್ರೋಗ್ರಾಮಿಗೆ ಗಣಿತದ ಬರವಣಿಗೆಗೆ ಹತ್ತಿರವಾದ ಎಂ-ಉಕ್ತಿ. 1960ರ ಏಪ್ರಿಲ್‌ನಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರಿಗೆ ಒಂದು ಸೈದ್ಧಾಂತಿಕ ಮಾತನ್ನು ಸಾಬೀತು ಮಾಡಬೇಕಿತ್ತು: ಯಾವುದೇ ಯಂತ್ರದಂತೆ ನಟಿಸಬಲ್ಲ ಟ್ಯೂರಿಂಗ್‌ನ ಸಾರ್ವತ್ರಿಕ ಯಂತ್ರಕ್ಕಿಂತ ಲಿಸ್ಪ್‌ನಲ್ಲಿ ಬರೆದ ಸಾರ್ವತ್ರಿಕ ಫಂಕ್ಷನ್ ಎಷ್ಟೋ ಚಿಕ್ಕದು, ಎಷ್ಟೋ ಅಚ್ಚುಕಟ್ಟು ಎಂದು. ಅದಕ್ಕಾಗಿ ಪ್ರೋಗ್ರಾಮನ್ನೂ ಪಟ್ಟಿಯಾಗಿ ಬರೆದು, ಆ ಪಟ್ಟಿಯನ್ನು ತೆಗೆದುಕೊಂಡು ಅದರ ಬೆಲೆ ಕಟ್ಟುವ ‘ಇವಾಲ್’ ಎಂಬ ಫಂಕ್ಷನ್ನನ್ನು ಕಾಗದದ ಮೇಲೆ ಬರೆದರು. ಅವರಿಗೆ ಅದು ಓದಲಿಕ್ಕಿದ್ದ ಗಣಿತ. ಸ್ಟೀವ್ ರಸೆಲ್ ಎಂಬ ಯುವ ಪ್ರೋಗ್ರಾಮರ್ ಅದನ್ನು ನೋಡಿ, ಇದನ್ನು ಯಂತ್ರಭಾಷೆಗೆ ಇಳಿಸಿದರೆ ಲಿಸ್ಪ್ ಓಡುತ್ತದಲ್ಲ ಎಂದರು. ಸಿದ್ಧಾಂತವನ್ನೂ ಬಳಕೆಯನ್ನೂ ಕಲಸಬೇಡ ಎಂದು ಮೆಕಾರ್ಥಿ ತಿಳಿಹೇಳಿದರು. ರಸೆಲ್ ಕೇಳಲಿಲ್ಲ, ಕೈಯಾರೆ ಇಳಿಸಿಬಿಟ್ಟರು, ಅದು ಓಡಿತು. (ಇದೇ ರಸೆಲ್ 1962ರಲ್ಲಿ ‘ಸ್ಪೇಸ್‌ವಾರ್’ ಎಂಬ ಹೆಸರುವಾಸಿ ಕಂಪ್ಯೂಟರ್ ಆಟವನ್ನು ಬರೆದವರು.) ಒಮ್ಮೆ ಪಟ್ಟಿಯ ರೂಪದಲ್ಲೇ ಪ್ರೋಗ್ರಾಮ್ ಓಡತೊಡಗಿದ ಮೇಲೆ ಎಂ-ಉಕ್ತಿಗಾಗಿ ಕಾಯುವವರು ಉಳಿಯಲಿಲ್ಲ.

ಪರಿಣಾಮವನ್ನು ಹತ್ತಿರದಿಂದ ನೋಡೋಣ. (+ 2 3) ಎಂದು ಟೈಪ್ ಮಾಡಿದರೆ 5 ಬರುತ್ತದೆ. ಅದರ ಮುಂದೆ ಒಂದು ಉದ್ಧರಣ ಚಿಹ್ನೆ ಹಾಕಿ '(+ 2 3) ಎಂದರೆ ಲೆಕ್ಕ ನಡೆಯುವುದಿಲ್ಲ. ಮೂರು ಅಂಶಗಳ ಪಟ್ಟಿಯೊಂದು ಹಾಗೇ ಕೈಗೆ ಬರುತ್ತದೆ. ಅದರ ಕಾರ್ ಕೇಳಿದರೆ ಕೂಡುವ ಚಿಹ್ನೆ ಸಿಗುತ್ತದೆ, ಕುಡರ್ ಕೇಳಿದರೆ (2 3). ಆ ಕೂಡುವ ಚಿಹ್ನೆಯ ಜಾಗಕ್ಕೆ ಗುಣಿಸುವ ಚಿಹ್ನೆ ಇಟ್ಟು ಹೊಸ ಪಟ್ಟಿ ಮಾಡಿ ಇವಾಲ್‌ಗೆ ಕೊಟ್ಟರೆ 6. ಮೂರು ಹೆಜ್ಜೆಯಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದು ಪ್ರೋಗ್ರಾಮನ್ನು ಬಿಚ್ಚಿ, ಬದಲಿಸಿ, ಓಡಿಸಿತು. ಇದಕ್ಕೆ ಬಳಕೆಯಾದ ಸಲಕರಣೆಗಳಾದರೂ ಯಾವುವು? ದಿನಸಿ ಪಟ್ಟಿಯನ್ನು ತಿದ್ದಲು ಬಳಸುವಂಥವೇ. ಪಟ್ಟಿ ಸಂಸ್ಕರಣೆಯ ಶೈಲಿಯೂ ಇಲ್ಲೇ ರೂಪುಗೊಳ್ಳುತ್ತದೆ. ಒಂದು ಪಟ್ಟಿಯಲ್ಲಿ ಎಷ್ಟು ಅಂಶಗಳಿವೆ ಎಂದು ಎಣಿಸಬೇಕು ಎನ್ನಿ. ಸಿ ಕಲಿತವರು ಸೊನ್ನೆಯಿಂದ ಶುರುಮಾಡಿ ಒಂದೊಂದೇ ಹೆಚ್ಚಿಸುವ ಲೂಪ್ ಬರೆಯುತ್ತಾರೆ. ಲಿಸ್ಪ್ ಕಲಿತವರು ಹೀಗೆ ಬರೆಯುತ್ತಾರೆ:

(ಡಿಫೈನ್ (ಉದ್ದ ಪಟ್ಟಿ)
  (ಇಫ್ (ನಲ್? ಪಟ್ಟಿ)
      0
      (+ 1 (ಉದ್ದ (ಕುಡರ್ ಪಟ್ಟಿ)))))

ಪಟ್ಟಿ ಖಾಲಿಯಾಗಿದ್ದರೆ ಉದ್ದ ಸೊನ್ನೆ. ಇಲ್ಲದಿದ್ದರೆ ಮೊದಲನೆಯದನ್ನು ಬಿಟ್ಟು ಉಳಿದದ್ದರ ಉದ್ದಕ್ಕೆ ಒಂದು ಸೇರಿಸು. '(ರಾಗಿ ಜೋಳ ಅಕ್ಕಿ) ಕೊಟ್ಟರೆ, ಅದು ‘ಒಂದು ಕೂಡಿಸು (ಜೋಳ ಅಕ್ಕಿ)ಯ ಉದ್ದ’ ಆಗುತ್ತದೆ, ಮತ್ತೆ ಬಿಚ್ಚಿದರೆ (+ 1 (+ 1 (+ 1 0))), ಅಂದರೆ 3. ಇದು ಎಣಿಸುವ ವಿಧಾನದ ವಿವರಣೆ ಎನ್ನುವುದಕ್ಕಿಂತ ‘ಉದ್ದ’ ಎಂದರೇನು ಎಂಬುದರ ವ್ಯಾಖ್ಯೆ ಎನ್ನಬೇಕು. ಚೀಟಿಯಲ್ಲಿ ಇರುವುದೇ ಎರಡು ಸಾಲು. ಮೊದಲನೆಯದಕ್ಕೆ ಏನು ಮಾಡಬೇಕು, ಉಳಿದದ್ದಕ್ಕೆ ಏನು ಮಾಡಬೇಕು ಎಂದು ಹೇಳಿದರೆ ಹೇಳಬೇಕಾದದ್ದು ಮುಗಿಯಿತು. ಮಾಹಿತಿಯ ಆಕಾರವೇ ಫಂಕ್ಷನ್‌ನ ಆಕಾರವನ್ನು ತೀರ್ಮಾನಿಸುತ್ತದೆ. ವಾರಗಟ್ಟಲೆ ಹೀಗೆ ಬರೆದ ವಿದ್ಯಾರ್ಥಿ ಪೈಥಾನ್‌ಗೆ ಮರಳಿದಾಗಲೂ ಸಮಸ್ಯೆಯನ್ನು ಬಗೆಹರಿಸುವ ರೀತಿ ಬದಲಾಗಿರುತ್ತದೆ ಎನ್ನುತ್ತಾರೆ ಕಲಿಸುವವರು. ಅದನ್ನು ಅಳೆದು ತೋರಿಸುವುದು ಕಷ್ಟ, ಹಾಗಾಗಿ ನನ್ನ ವಾದವನ್ನು ಅದರ ಮೇಲೆ ಕಟ್ಟುವುದಿಲ್ಲ.

ವಾದದ ಗಟ್ಟಿ ಆಧಾರ ಇರುವುದು ‘ಇಫ್’ ಎಂಬ ಪುಟ್ಟ ಪದದಲ್ಲಿ. 1957–58ರಲ್ಲಿ ಚದುರಂಗದ ಪ್ರೋಗ್ರಾಮ್ ಬರೆಯುವಾಗ ಮೆಕಾರ್ಥಿಗೆ ಫೋರ್ಟ್ರಾನ್‌ನ ಒರಟು ‘ಇಫ್’ ಸಾಕಾಗಲಿಲ್ಲ. ಶರತ್ತು ನಿಜವಾದರೆ ಈ ಬೆಲೆ, ಸುಳ್ಳಾದರೆ ಆ ಬೆಲೆ ಎಂದು ಕೊಡುವ ಒಂದು ಫಂಕ್ಷನ್ ಬರೆದುಕೊಂಡರು. ಅದರಲ್ಲಿ ತೊಡಕೊಂದು ಎದ್ದಿತು: ಫಂಕ್ಷನ್‌ಗೆ ಕೊಡುವ ಸಾಮಗ್ರಿಯನ್ನೆಲ್ಲ ಮೊದಲೇ ಲೆಕ್ಕ ಹಾಕಿ ಕೊಡಬೇಕು, ಆದ್ದರಿಂದ ಬೇಕಿರಲಿ ಬೇಡದಿರಲಿ ಎರಡೂ ಬೆಲೆಗಳ ಲೆಕ್ಕ ನಡೆದೇ ತೀರುತ್ತಿತ್ತು. (ಇಫ್ (= ಕ್ಷ 0) 0 (/ 100 ಕ್ಷ)) ಎಂದು ಬರೆಯುವುದೇ ಸೊನ್ನೆಯಿಂದ ಭಾಗಿಸುವುದನ್ನು ತಪ್ಪಿಸಲು; ಎರಡೂ ಕಡೆ ಲೆಕ್ಕ ನಡೆದರೆ ತಪ್ಪಿಸಿದ್ದೇನು ಬಂತು? ಹಾಗಾಗಿ ‘ಇಫ್’ ಸಾಮಾನ್ಯ ಫಂಕ್ಷನ್ ಆಗಲಾರದು, ಭಾಷೆಯೇ ಅದಕ್ಕೆ ವಿಶೇಷ ಸ್ಥಾನ ಕೊಡಬೇಕು. ಹೆಚ್ಚಿನ ಭಾಷೆಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ: ವಿಶೇಷ ಪದಗಳನ್ನು ಕೊಡುವವರು ಭಾಷೆ ಮಾಡಿದವರು, ಬಳಸುವವರು ನಾವು. ಹೊಸದು ಬೇಕಾದರೆ ಮುಂದಿನ ಆವೃತ್ತಿಗೆ ಕಾಯಬೇಕು. ಲಿಸ್ಪ್‌ನಲ್ಲಿ 1963ರಲ್ಲಿ ಟಿಮತಿ ಹಾರ್ಟ್ ಇದಕ್ಕೆ ಮ್ಯಾಕ್ರೋ ಎಂಬ ದಾರಿ ತೋರಿಸಿದರು. ಶರತ್ತು ಸುಳ್ಳಾದಾಗ ಮಾತ್ರ ಕೆಲಸ ಮಾಡುವ ‘ಇಲ್ಲದಿದ್ದರೆ’ ಎಂಬ ಹೊಸ ಪದ ಬೇಕು ಎಂದುಕೊಳ್ಳಿ. (ಇಲ್ಲದಿದ್ದರೆ (= ಕ್ಷ 0) (/ 100 ಕ್ಷ)) ಎಂಬ ಪಟ್ಟಿ ಎದುರಾದಾಗ, ಲೆಕ್ಕ ಶುರುವಾಗುವ ಮೊದಲೇ, ಅದರ ಎರಡನೆಯ ಅಂಶವನ್ನೂ ಮೂರನೆಯ ಅಂಶವನ್ನೂ ತೆಗೆದು ‘ಇಫ್’ನಿಂದ ಶುರುವಾಗುವ ಮೇಲಿನ ಪಟ್ಟಿಯಾಗಿ ಜೋಡಿಸಿಕೊಡು ಎಂದು ಒಂದು ಮ್ಯಾಕ್ರೋ ಬರೆದರೆ ಸಾಕು. ಹೊಸ ಪದ ಭಾಷೆಗೆ ಸೇರಿತು, ಇದ್ದ ಪದಗಳಿಗೂ ಅದಕ್ಕೂ ನೋಟದಲ್ಲಿ ಭೇದವಿಲ್ಲ. 1958ರಲ್ಲಿ ಬೀಜಗಣಿತದ ಉಕ್ತಿಯೊಂದನ್ನು ಇನ್ನೊಂದನ್ನಾಗಿ ಮಾಡಿದ ತಂತ್ರವೇ ಇಲ್ಲಿ ಪ್ರೋಗ್ರಾಮಿನ ಮೇಲೆ ಪ್ರಯೋಗವಾಗಿದೆ. ಆವರಣಗಳನ್ನು ಬಿಟ್ಟುಕೊಟ್ಟರೆ ಈ ಸಲೀಸು ಹೋಗುತ್ತದೆ, ಏಕೆಂದರೆ ಆಗ ಪ್ರೋಗ್ರಾಮಿನ ಪಠ್ಯಕ್ಕೂ ಅದರ ಒಳರಚನೆಗೂ ನಡುವೆ ದೊಡ್ಡ ವ್ಯಾಕರಣವೊಂದು ಬಂದು ನಿಲ್ಲುತ್ತದೆ.

ಆದರೆ ಓದಲಿಕ್ಕಾಗುವುದಿಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಸತ್ಯಾಂಶ ಇದೆ. ವರ್ಗ ಸಮೀಕರಣದ ಸೂತ್ರವನ್ನು ಲಿಸ್ಪ್‌ನಲ್ಲಿ ಬರೆದರೆ (/ (+ (- ಬ) (ವರ್ಗಮೂಲ (- (* ಬ ಬ) (* 4 ಅ ಕ)))) (* 2 ಅ)) ಆಗುತ್ತದೆ. ಪಠ್ಯಪುಸ್ತಕದ ರೂಪಕ್ಕಿಂತ ಇದು ಚೆನ್ನಾಗಿದೆ ಎಂದು ಹೇಳುವವರ ಕಣ್ಣಿನ ಬಗ್ಗೆ ನನಗೆ ಅನುಮಾನ. ಸೂತ್ರಗಳೇ ತುಂಬಿರುವ ಎಂಜಿನಿಯರಿಂಗ್ ಲೆಕ್ಕಕ್ಕೆ ಇದು ಒಗ್ಗುವ ಬರವಣಿಗೆಯಲ್ಲ. ಉಳಿದ ಕಡೆ ಮಾತ್ರ ದೂರು ಅಷ್ಟು ನಿಲ್ಲುವುದಿಲ್ಲ. ಅನುಭವಿಗಳು ಆವರಣ ಎಣಿಸುತ್ತ ಕೂರುವುದಿಲ್ಲ; ಸಾಲುಗಳು ಎಷ್ಟು ಒಳಸರಿದಿವೆ ಎಂಬುದನ್ನು ನೋಡಿ ಓದುತ್ತಾರೆ. ಜೋಡಿ ಸರಿಯಾಯಿತೇ ಎಂದು ನೋಡಿಕೊಳ್ಳುವ ಕೆಲಸ ಎಡಿಟರ್‌ನದು. ಇನ್ನೊಂದು ಸಾಕ್ಷ್ಯವೂ ಇದೆ. 1960ರ ದಶಕದಲ್ಲಿ ಅಲ್ಗೋಲ್ ಎಂಬ ಭಾಷೆಯ ಮಾದರಿಯ ಬರವಣಿಗೆಯಿರುವ ಲಿಸ್ಪ್ 2 ಎಂಬ ದೊಡ್ಡ ಯೋಜನೆಯೇ ನಡೆಯಿತು, ಜನ ಅದಕ್ಕೆ ಹೋಗಲಿಲ್ಲ. ಆವರಣದಿಂದ ಬಿಡುಗಡೆಯ ಅವಕಾಶ ಒಂದಕ್ಕಿಂತ ಹೆಚ್ಚು ಸಲ ಸಿಕ್ಕಿಯೂ ಲಿಸ್ಪ್ ಬಳಸುವವರು ಅದನ್ನು ಬೇಡವೆಂದರು. ಅಭ್ಯಾಸಬಲ ಎಂದು ತಳ್ಳಿಹಾಕಬಹುದು. ಆದರೆ ಮ್ಯಾಕ್ರೋ ಬಳಸಿದವರಿಗೆ ಕಳೆದುಕೊಳ್ಳುವುದೇನೆಂದು ಗೊತ್ತಿತ್ತು ಎಂಬುದೇ ಹೆಚ್ಚು ಸಮಂಜಸವಾದ ವಿವರಣೆ.

ಎರಡನೆಯ ಆಕ್ಷೇಪ ಎಐ ಕುರಿತದ್ದು, ಅದರಿಂದ ನುಣುಚಿಕೊಳ್ಳಲು ಬರುವುದಿಲ್ಲ. ಬುದ್ಧಿ ಎಂದರೆ ಸಂಕೇತಗಳನ್ನು ನಿಯಮದಂತೆ ಜೋಡಿಸುವುದು ಎಂಬ ನಂಬಿಕೆಯ ಮೇಲೆ ಲಿಸ್ಪ್ ಕಾಲದ ಎಐ ನಿಂತಿತ್ತು. 1980ರ ದಶಕದಲ್ಲಿ ಲಿಸ್ಪ್ ಓಡಿಸಲೆಂದೇ ದುಬಾರಿ ಯಂತ್ರಗಳನ್ನು ಮಾಡಿ ಮಾರುವ ಕಂಪನಿಗಳು ಹುಟ್ಟಿದವು. ಅವುಗಳಲ್ಲಿ ದೊಡ್ಡದಾದ ಸಿಂಬಾಲಿಕ್ಸ್, 1985ರ ಮಾರ್ಚ್‌ನಲ್ಲಿ ಇಂಟರ್ನೆಟ್ಟಿನ ಮೊಟ್ಟಮೊದಲ ‘ಡಾಟ್ ಕಾಮ್’ ವಿಳಾಸ ಪಡೆದ ಕಂಪನಿ. ದಶಕ ಮುಗಿಯುವ ಹೊತ್ತಿಗೆ ಅಗ್ಗದ ಸಾಮಾನ್ಯ ಯಂತ್ರಗಳೇ ವೇಗವಾಗಿದ್ದವು, ಎಐ ಕೊಟ್ಟ ಭರವಸೆಗಳು ಈಡೇರಿರಲಿಲ್ಲ, ಆ ಮಾರುಕಟ್ಟೆ ಕುಸಿಯಿತು. ಇಂದಿನ ಎಐಯ ನರಜಾಲಗಳು, ಅಂದರೆ ನ್ಯೂರಲ್ ನೆಟ್‌ವರ್ಕ್‌ಗಳು, ನಡೆಸುವುದು ಸಂಖ್ಯೆಗಳ ಬೃಹತ್ ಕೋಷ್ಟಕಗಳ ಗುಣಾಕಾರವನ್ನು; ಅದಕ್ಕೆ ಚೀಟಿ ಹಿಡಿದು ಮನೆಯಿಂದ ಮನೆಗೆ ಅಲೆಯುವ ಪಟ್ಟಿ ಒಳ್ಳೆಯ ಸಾಧನವಲ್ಲ. ಆದರೂ ಒಂದು ಕಡೆ ಹಳೆಯ ವಿಚಾರ ಮತ್ತೆ ತಲೆ ಎತ್ತಿದೆ. ನರಜಾಲಕ್ಕೆ ತರಬೇತಿ ಕೊಡಬೇಕಾದರೆ ಒಂದು ಪ್ರೋಗ್ರಾಮಿನ ಅವಕಲನವನ್ನೇ ಕಂಡುಹಿಡಿಯಬೇಕು. ಗೂಗಲ್‌ನ ಜಾಕ್ಸ್ ಎಂಬ ಸಲಕರಣೆ ಮಾಡುವುದು ಹೀಗೆ: ಪೈಥಾನ್ ಫಂಕ್ಷನ್ ಏನೇನು ಮಾಡುತ್ತದೆ ಎಂದು ಹಿಂಬಾಲಿಸಿ, ತನ್ನದೇ ಪುಟ್ಟ ಭಾಷೆಯ ಉಕ್ತಿಯಾಗಿ ಬರೆದುಕೊಂಡು, ಆ ಉಕ್ತಿಯನ್ನು ರೂಪಾಂತರಿಸುತ್ತದೆ. ಮೆಕಾರ್ಥಿ ಮಾಡಿದ ಬೀಜಗಣಿತದ ಅವಕಲನಕ್ಕೂ ಇದಕ್ಕೂ ತಂತ್ರದಲ್ಲಿ ವ್ಯತ್ಯಾಸವಿದೆ. ಆದರೆ ಪ್ರೋಗ್ರಾಮನ್ನು ಕೈಯಲ್ಲಿ ಹಿಡಿದು ತಿದ್ದಬಹುದಾದ ವಸ್ತುವಾಗಿ ನೋಡಬೇಕು ಎಂಬ ಅಗತ್ಯ ಎರಡಕ್ಕೂ ಸಮಾನ. ಪೈಥಾನ್‌ನಲ್ಲಿ ಆ ನೋಟವನ್ನು ಹೊರಗಿನಿಂದ ಕಟ್ಟಬೇಕಾಯಿತು.

ಅದೇ ಮೂರನೆಯ ಆಕ್ಷೇಪಕ್ಕೂ ಉತ್ತರ. ಶರತ್ತಿನ ಉಕ್ತಿ, ಕಸ ಸಂಗ್ರಹ, ಫಂಕ್ಷನ್ನನ್ನು ಇನ್ನೊಂದು ಫಂಕ್ಷನ್‌ಗೆ ಕೊಡುವುದು, ಟೈಪ್ ಮಾಡಿದ ಕೂಡಲೇ ಉತ್ತರ ಕೊಡುವ ಪರದೆ ಎಲ್ಲವೂ ಪೈಥಾನ್‌ನಲ್ಲೂ ಇರುವಾಗ ಮೂಲಕ್ಕೆ ಹೋಗುವ ಗೋಜು ಏಕೆ ಎನ್ನುತ್ತಾರೆ. ಈ ಗುಣಗಳಿಗಾಗಿಯೇ ಆದರೆ ಹೋಗಬೇಕಿಲ್ಲ. ಅವು ಬೇರೆ ಭಾಷೆಗಳಿಗೂ ಹರಿದಿವೆ: 1995ರಲ್ಲಿ ಪ್ರೋಗ್ರಾಮರ್ ಬ್ರೆಂಡನ್ ಐಕ್ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಸೇರಿದ್ದು ಬ್ರೌಸರಿಗೆ ಸ್ಕೀಮ್ ತರುವ ಆಸೆಯಿಂದ. ಜಾವಾದಂತೆ ಕಾಣಬೇಕು ಎಂದು ಮೇಲಿನವರು ಪಟ್ಟು ಹಿಡಿದದ್ದರಿಂದ ಜಾವಾಸ್ಕ್ರಿಪ್ಟ್ ಆಯಿತು. ಆವರಣ ಹೋಯಿತು, ಫಂಕ್ಷನ್‌ಗಳ ಗುಣ ಉಳಿಯಿತು. ಪೈಥಾನ್‌ನಲ್ಲೂ ಪ್ರೋಗ್ರಾಮಿನ ಒಳರಚನೆಯನ್ನು ನೋಡಲು ಒಂದು ಲೈಬ್ರರಿ ಇದೆ, ಆದರೆ ಅದರಲ್ಲಿ ಹತ್ತಾರು ಬಗೆಯ ಗಂಟುಗಳ (ನೋಡ್‌ಗಳ) ಹೆಸರು, ಗುಣ ಕಲಿಯಬೇಕು. ಲಿಸ್ಪ್‌ನಲ್ಲಿ ಮೊದಲ ದಿನ ಕಲಿತ ಕಾರ್, ಕುಡರ್, ಕಾನ್ಸ್ ಅಷ್ಟೇ ಸಾಕು. ಇದನ್ನು ‘ರಹಸ್ಯಾಸ್ತ್ರ’ ಎಂದು ಹೊಗಳುವವರ ಮಾತನ್ನು ಮಾತ್ರ ಸ್ವಲ್ಪ ತಡೆದು ಕೇಳಬೇಕು. ಪ್ರೋಗ್ರಾಮರ್ ಪಾಲ್ ಗ್ರಹಾಂ ಮತ್ತು ಗೆಳೆಯರು ಲಿಸ್ಪ್‌ನಲ್ಲಿ ಕಟ್ಟಿದ ಆನ್‌ಲೈನ್ ಅಂಗಡಿಯ ತಂತ್ರಾಂಶವನ್ನು 1998ರಲ್ಲಿ ಯಾಹೂ ಕೊಂಡದ್ದು ನಿಜ. ಆಮೇಲೆ ಯಾಹೂ ಅದನ್ನು ಬೇರೆ ಭಾಷೆಗಳಲ್ಲಿ ಹೊಸದಾಗಿ ಬರೆಸಿತು ಎಂಬುದೂ ನಿಜ. ಗೆದ್ದವರ ಪ್ರತಿಭೆಯಿಂದ ಭಾಷೆಯ ಪಾಲನ್ನು ಬೇರ್ಪಡಿಸಿ ತೂಗಲು ನಮ್ಮಲ್ಲಿ ತಕ್ಕಡಿ ಇಲ್ಲ. ಜೊತೆಗೆ ಮ್ಯಾಕ್ರೋಗೆ ತನ್ನದೇ ಶಾಪವಿದೆ. ಪ್ರತಿ ತಂಡವೂ ತನಗೆ ಬೇಕಾದ ಪದ ಸೇರಿಸುತ್ತ ಹೋದರೆ ಹೊಸದಾಗಿ ಸೇರಿದವನಿಗೆ ಅದು ಇನ್ನೊಂದು ಭಾಷೆಯೇ. ಮ್ಯಾಕ್‌ಲಿಸ್ಪ್, ಇಂಟರ್‌ಲಿಸ್ಪ್ ಎಂದು ಲಿಸ್ಪ್ ಒಡೆದುಹೋದದ್ದಕ್ಕೆ, 1984ರಲ್ಲಿ ಎಲ್ಲರನ್ನೂ ಒಂದೆಡೆ ತರಲು ಬಂದ ಕಾಮನ್ ಲಿಸ್ಪ್ ಅಷ್ಟು ದಪ್ಪವಾದದ್ದಕ್ಕೆ ಈ ಸ್ವಾತಂತ್ರ್ಯವೂ ಒಂದು ಕಾರಣ.

ಹಾಗೆಂದು ಲಿಸ್ಪ್ ಪುಸ್ತಕದ ಬದನೆಕಾಯಿ ಅಲ್ಲ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಸಿವಿಲ್ ಎಂಜಿನಿಯರ್ ಕಚೇರಿಗಳಲ್ಲಿ ಆಟೊಕ್ಯಾಡ್ ಬಳಸಿ ನಕ್ಷೆ ಬರೆಯುವವರು ಒಬ್ಬರಿಂದ ಒಬ್ಬರು ಪಡೆದು ಓಡಿಸುವ ‘ಲಿಸ್ಪ್ ಫೈಲ್’ಗಳು ಇದೇ ಕುಟುಂಬದವು, 1986ರಿಂದ ಆಟೊಕ್ಯಾಡ್‌ನೊಳಗೆ ಆಟೊಲಿಸ್ಪ್ ಇದೆ. ಒಂದು ಬಿಂದುವನ್ನು ಅದು ಇಟ್ಟುಕೊಳ್ಳುವುದೇ ಮೂರು ಸಂಖ್ಯೆಗಳ ಪಟ್ಟಿಯಾಗಿ, ಮೊದಲ ಅಕ್ಷದ ಅಳತೆ ಬೇಕಾದರೆ ಅದರ ಕಾರ್ ಕೇಳಬೇಕು. 1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ಕೆಲಕಾಲ ನಡೆಸಿದ ಸ್ವಯಂಚಾಲಿತ ತಂತ್ರಾಂಶವೂ ಲಿಸ್ಪ್‌ನದು; ಅದು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಾಗ, ಕೋಟ್ಯಂತರ ಕಿಲೋಮೀಟರ್ ಆಚೆ ಓಡುತ್ತಿದ್ದ ಪ್ರೋಗ್ರಾಮಿಗೇ ಪ್ರಶ್ನೆ ಕಳಿಸಿ ದೋಷ ಪತ್ತೆಮಾಡಲು ಸಾಧ್ಯವಾಯಿತು. ಕಲಿಯುವವರಿಗೆ ಇವತ್ತು ರ‍್ಯಾಕೆಟ್ ಎಂಬ ಉಚಿತ ವ್ಯವಸ್ಥೆ ಅನುಕೂಲ. ಅದು ಕನ್ನಡ ಅಕ್ಷರಗಳ ಹೆಸರುಗಳನ್ನು ಹಾಗೇ ಒಪ್ಪುತ್ತದೆ. ಮ್ಯಾಕ್ರೋ ಇರುವುದರಿಂದ ‘ಡಿಫೈನ್’, ‘ಇಫ್’ಗಳನ್ನೂ ಕನ್ನಡದಲ್ಲಿ ಬರೆದುಕೊಳ್ಳುವುದು ಒಂದೆರಡು ಸಾಲಿನ ಕೆಲಸ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಪ್ರೋಗ್ರಾಮಿಂಗ್ ಸುಲಭವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಭಾಷೆಯ ಪದಗಳು ಬದಲಿಸಬಹುದಾದವು ಎಂದು ಕೈಯಾರೆ ಕಂಡುಕೊಳ್ಳಲು ಅದು ಒಳ್ಳೆಯ ಅಭ್ಯಾಸ.

ಅದಕ್ಕಿಂತ ಒಳ್ಳೆಯ ಅಭ್ಯಾಸ ಇವಾಲ್ ಅನ್ನು ತಾವೇ ಬರೆಯುವುದು. ಸಂಖ್ಯೆ ಬಂದರೆ ಅದನ್ನೇ ಹಿಂದಿರುಗಿಸು, ಹೆಸರು ಬಂದರೆ ಅದರ ಬೆಲೆ ಹುಡುಕು, ಪಟ್ಟಿ ಬಂದು ಮೊದಲ ಅಂಶ ‘ಇಫ್’ನಂಥ ವಿಶೇಷ ಪದವಾದರೆ ಅದರ ನಿಯಮದಂತೆ ನಡೆ, ಇಲ್ಲದಿದ್ದರೆ ಒಳಗಿನದನ್ನೆಲ್ಲ ಲೆಕ್ಕ ಹಾಕಿ ಮೊದಲನೆಯದನ್ನು ಉಳಿದವುಗಳ ಮೇಲೆ ಓಡಿಸು. 1962ರ ಲಿಸ್ಪ್ 1.5 ಕೈಪಿಡಿಯಲ್ಲಿ ಇದಕ್ಕೆ ಒಂದು ಪುಟವೂ ಬೇಕಾಗಲಿಲ್ಲ. ವಿದ್ಯುತ್ಕಾಂತತೆಯನ್ನೆಲ್ಲ ಹಿಡಿದಿಟ್ಟ ಮ್ಯಾಕ್ಸ್‌ವೆಲ್ ಸಮೀಕರಣಗಳ ಜಾಗ ತಂತ್ರಾಂಶದಲ್ಲಿ ಇದಕ್ಕಿದೆ ಎಂದರು ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ. ಆದರೆ ‘ಹೆಸರಿನ ಬೆಲೆ ಹುಡುಕು’ ಎಂಬಲ್ಲಿ ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆ ಅಡಗಿದೆ. (ಡಿಫೈನ್ (ಸೇರಿಸುವವ ನ) (ಲ್ಯಾಂಬ್ಡಾ (ಕ್ಷ) (+ ಕ್ಷ ನ))) ಎಂದು ಬರೆದು ((ಸೇರಿಸುವವ 5) 10) ಎಂದು ಕೇಳಿದರೆ 15 ಬರಬೇಕು. ಮೊದಲ ಸಲ ಇವಾಲ್ ಬರೆದವರ ಕೈಯಲ್ಲಿ ಸಾಮಾನ್ಯವಾಗಿ ಅದು ಬರುವುದಿಲ್ಲ: ಒಳಗಿನ ಫಂಕ್ಷನ್ ಓಡುವ ಹೊತ್ತಿಗೆ ‘ನ’ದ ಬೆಲೆ 5 ಎಂಬುದು ಅಳಿಸಿಹೋಗಿರುತ್ತದೆ, ಅಥವಾ ಕರೆದ ಜಾಗದಲ್ಲಿ ಬಿದ್ದಿದ್ದ ಬೇರೆ ಯಾವುದೋ ‘ನ’ ಸಿಕ್ಕಿಕೊಳ್ಳುತ್ತದೆ. ಎಂಐಟಿಯ ಜೇಮ್ಸ್ ಸ್ಲೇಗಲ್ ಇಂಥದೊಂದು ಫಂಕ್ಷನ್ ಬರೆದು ತಪ್ಪು ಉತ್ತರ ಬರುತ್ತಿದೆ ಎಂದು ದೂರಿದಾಗ, ಇದೊಂದು ಸಣ್ಣ ದೋಷ, ರಸೆಲ್ ಸರಿಮಾಡುತ್ತಾರೆ ಎಂದುಕೊಂಡರು ಮೆಕಾರ್ಥಿ. ರಸೆಲ್ ತೇಪೆಯೊಂದನ್ನು ಹಾಕಿಯೂ ಹಾಕಿದರು. ಹೆಸರು ಬರೆದ ಜಾಗವೇ ಅದರ ಬೆಲೆಯ ಜಾಗ ಎಂಬ ನಿಯಮವನ್ನು ಲಿಸ್ಪ್‌ನಲ್ಲಿ ತಳಪಾಯವಾಗಿಯೇ ಕೂರಿಸಿದ್ದು 1975ರಲ್ಲಿ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಮಾಡಿದ ಸ್ಕೀಮ್. ಪ್ರೋಗ್ರಾಮರ್‌ಗಳ ಅಚ್ಚುಮೆಚ್ಚಿನ ಎಡಿಟರ್ ಆದ ಈಮ್ಯಾಕ್ಸ್‌ನ ಲಿಸ್ಪ್ ಹಳೆಯ ಕ್ರಮದಲ್ಲೇ ನಡೆದುಕೊಂಡು ಬಂತು. ಹೊಸ ನಿಯಮವನ್ನು ಬೇಕೆಂದವರು ಬಳಸಲು ಅವಕಾಶವಾದದ್ದು 2012ರಲ್ಲಿ ಬಂದ 24ನೇ ಆವೃತ್ತಿಯಲ್ಲಿ.